ಭೇದಿಯಾದ ಮಗುವಿಗೆ ಮೊದಲು ಓಆರ್‌ಎಸ್

ಕೇಳುಗರಿಗೆ ನಮಸ್ಕಾರ. ಮಗುವಿಗೆ ವಾಂತಿ, ಭೇದಿ ಶುರುವಾದರೆ ತಾಯಂದಿರು ಓಡಿಬಂದು ಕೇಳುವುದು ಒಂದೇ: "ಡಾಕ್ಟ್ರೇ, ಭೇದಿ ನಿಲ್ಲೋಕೆ ಏನಾದ್ರೂ ಕೊಡಿ." ನಾನು ಹೇಳುವುದೂ ಒಂದೇ: ಮೊದಲು ಓಆರ್‌ಎಸ್, ಅಂದರೆ ಗ್ಲೂಕೋಸ್ ಮತ್ತು ಉಪ್ಪಿನ ಪುಡಿ ಕಲಸಿದ ನೀರು, ಕುಡಿಸಿ. ಮಗುವಿನ ಜೀವಕ್ಕೆ ಕುತ್ತು ತರುವುದು ಮೈಯಿಂದ ಹೋಗುವ ನೀರು ಮತ್ತು ಉಪ್ಪು.

1971ರ ಮಾತು ಕೇಳಿ. ಬಾಂಗ್ಲಾದೇಶದ ಯುದ್ಧ. ಪಶ್ಚಿಮ ಬಂಗಾಳದ ಬನಗಾಂವ್‌ಗೆ ಬಂದ ನಿರಾಶ್ರಿತರಲ್ಲಿ ಕಾಲರಾ ಹಬ್ಬಿತ್ತು. ಆಸ್ಪತ್ರೆಯಲ್ಲಿ ಮಂಚ ಸಾಲದೆ ನೆಲದ ಮೇಲೆಲ್ಲ ರೋಗಿಗಳು. ಡ್ರಿಪ್ ಬಾಟಲಿಗಳೂ ಮುಗಿಯುತ್ತಾ ಬಂದವು. ಆಗ ಡಾ. ದಿಲೀಪ್ ಮಹಾಲನಬಿಸ್ ಒಂದು ಲೀಟರ್ ನೀರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಉಪ್ಪು, 2.5 ಗ್ರಾಂ ಅಡುಗೆ ಸೋಡಾ ಲೆಕ್ಕದಲ್ಲಿ ಕಲಸಿ ಡ್ರಮ್ಮುಗಳಲ್ಲಿ ತುಂಬಿಸಿ ಇಟ್ಟರು. ಕುಡಿಸಿದವರು ಯಾರು ಗೊತ್ತಾ? ರೋಗಿಗಳ ಮನೆಯವರೇ! ಅಮ್ಮ, ಅಕ್ಕ, ಅಜ್ಜಿ ಲೋಟ ಹಿಡಿದು ಕೂತರು. ನೂರಕ್ಕೆ ಸುಮಾರು 30 ಇದ್ದ ಸಾವು 4ಕ್ಕಿಂತ ಕೆಳಗಿಳಿಯಿತು. ಡಾ. ಮಹಾಲನಬಿಸ್ ತೀರಿಕೊಂಡ ಮೇಲೆ, 2023ರಲ್ಲಿ, ದೇಶ ಅವರಿಗೆ ಪದ್ಮವಿಭೂಷಣ ಕೊಟ್ಟಿತು. ಎಷ್ಟು ತಡ, ಅಲ್ವಾ?

ಕರುಳು ಗ್ಲೂಕೋಸನ್ನು ಹೀರಿಕೊಳ್ಳುವಾಗ ಉಪ್ಪನ್ನೂ ಒಳಗೆ ಎಳೆದುಕೊಳ್ಳುತ್ತದೆ, ಉಪ್ಪಿನ ಹಿಂದೆ ನೀರು ಹೋಗುತ್ತದೆ. ಅದಕ್ಕೇ ಅಳತೆ ತಪ್ಪಬಾರದು. ದೊಡ್ಡ ಪೊಟ್ಟಣವಾದರೆ ಪೂರ್ತಿ ಒಂದು ಲೀಟರ್ ನೀರಿಗೆ. ದಯವಿಟ್ಟು ಲೋಟಕ್ಕೆ ಒಂದು ಚಿಟಿಕೆ ಹಾಕಿ ಕಲಸಬೇಡಿ! ಅಂಗಡಿಯ ಸಿಹಿ ಜ್ಯೂಸ್ ಇದಕ್ಕೆ ಬದಲಲ್ಲ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ ಚಮಚ ಚಮಚವಾಗಿ ಕುಡಿಸಿ. ಎದೆಹಾಲು, ಗಂಜಿ, ಮೆತ್ತಗಿನ ಅನ್ನ ಯಾವುದನ್ನೂ ನಿಲ್ಲಿಸಬೇಡಿ. ಹೊಟ್ಟೆ ಖಾಲಿ ಬಿಟ್ಟರೆ ಭೇದಿ ನಿಲ್ಲುತ್ತದೆ ಎನ್ನುವುದು ಸುಳ್ಳು.

ಹೆಚ್ಚಿನ ಮಕ್ಕಳಿಗೆ ಮಲ ಪರೀಕ್ಷೆ ಬೇಕಿಲ್ಲ. ಮಗುವನ್ನು ನೋಡಿ. ಕಣ್ಣು ಗುಳಿ ಬಿದ್ದಿದೆಯಾ? ಅತ್ತರೂ ಕಣ್ಣೀರಿಲ್ಲವಾ? ಹೊಟ್ಟೆಯ ಚರ್ಮವನ್ನು ಎರಡು ಬೆರಳಲ್ಲಿ ಎತ್ತಿ ಬಿಡಿ. ಅದು ನಿಧಾನವಾಗಿ ಕೆಳಗಿಳಿದರೆ ಮೈಯಲ್ಲಿ ನೀರು ಕಡಿಮೆಯಾಗಿದೆ. ಉಚ್ಚೆ ನಿಂತರೆ, ಮಲದಲ್ಲಿ ರಕ್ತ ಕಂಡರೆ, ಮಗು ಮಂಕಾದರೆ, ಕುಡಿಯಲಾಗದಿದ್ದರೆ ತಡಮಾಡದೆ ಆಸ್ಪತ್ರೆಗೆ ಹೊರಡಿ, ದಾರಿಯಲ್ಲೂ ಸಾಧ್ಯವಾದಷ್ಟು ಓಆರ್‌ಎಸ್ ಕುಡಿಸಿ. ಆ್ಯಂಟಿಬಯೋಟಿಕ್ ನೀವಾಗಿಯೇ ಕೊಡಬೇಡಿ. ಹೆಚ್ಚಿನ ಭೇದಿ ವೈರಸ್‌ನಿಂದ, ಅದಕ್ಕೆ ಈ ಮಾತ್ರೆ ನಾಟುವುದಿಲ್ಲ.

ಸಮಯ ಮುಗಿಯುತ್ತಾ ಬಂತು. ಡಾಕ್ಟರು ಬರೆದ ಜಿಂಕ್ ಮಾತ್ರೆಯನ್ನು ಭೇದಿ ನಿಂತರೂ 14 ದಿನ ಕೊಡಿ. ಭೇದಿ ತರುವ ರೋಟಾವೈರಸ್ ವಿರುದ್ಧದ ಲಸಿಕೆ ಮಗು ಹುಟ್ಟಿದ 6, 10, 14ನೇ ವಾರದಲ್ಲಿ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಸಿಗುತ್ತದೆ. ಓಆರ್‌ಎಸ್ ಪೊಟ್ಟಣ ಆಶಾ ಕಾರ್ಯಕರ್ತೆಯರ ಹತ್ತಿರವೇ ಇರುತ್ತದೆ. ನಾಳೆಯೇ ಎರಡು ಕೇಳಿ ತಂದಿಟ್ಟುಕೊಳ್ಳಿ. ನಮಸ್ಕಾರ.