ಮಲಾಡಿನಿಂದ ತಾತಗುಣಿಗೆ: ದೇವಿಕಾ ರಾಣಿ ಮಾಡಿದ ಕೆಲಸ

ಎಲ್ಲರಿಗೂ ನಮಸ್ಕಾರ.

ನಮ್ಮ ಬೆಂಗಳೂರಿನಲ್ಲಿ ಹಿಂದಿ ಸಿನಿಮಾದ ಹಳೆಯ ಕಾಲದ ತಾರೆ ದೇವಿಕಾ ರಾಣಿ ಅಂದ ಕೂಡಲೇ ಮಾತು ಎರಡು ಕಡೆಗೆ ಹೋಗುತ್ತದೆ. ಒಂದು, ಕನಕಪುರ ರಸ್ತೆಯ ತಾತಗುಣಿಯಲ್ಲಿರುವ, ಆಕೆಯ ಎರಡನೇ ಗಂಡನ ಹೆಸರಿನ ರೋರಿಕ್ ಎಸ್ಟೇಟು, ಅದರ ಮೇಲಿನ ಕೋರ್ಟು ಕೇಸು. ಇನ್ನೊಂದು, 1933ರ ‘ಕರ್ಮ’ ಚಿತ್ರದ ಮುತ್ತು. ಎರಡರ ನಡುವೆ ಆಕೆ ಮಾಡಿದ ಕೆಲಸ ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ. ಹತ್ತು ವರ್ಷ ಒಂದು ದೊಡ್ಡ ಸ್ಟುಡಿಯೋದಲ್ಲಿ ದುಡಿದು, ಕಡೆಗೆ ಅದನ್ನು ತಾವೇ ನಡೆಸಿದ ಹೆಂಗಸು ಅವರು. ಇವತ್ತು ನಾನು ಹೆಚ್ಚು ಮಾತಾಡುವುದು ಆ ಕೆಲಸದ ಬಗ್ಗೆಯೇ.

ಮೊದಲು ಹುಟ್ಟು, ಬೆಳೆದದ್ದು ಬೇಗ ಹೇಳಿಬಿಡುತ್ತೇನೆ. 1908ರ ಮಾರ್ಚ್ 30, ವಾಲ್ಟೇರ್, ಅಂದರೆ ಇವತ್ತಿನ ವಿಶಾಖಪಟ್ಟಣ. ಬಂಗಾಳಿ ಮನೆತನ. ತಂದೆ ಮನ್ಮಥನಾಥ ಚೌಧುರಿ ಮದ್ರಾಸ್ ಪ್ರಾಂತ್ಯದಲ್ಲಿ ದೊಡ್ಡ ಹುದ್ದೆಯಲ್ಲಿದ್ದ ವೈದ್ಯರು. ಟ್ಯಾಗೋರ್ ಕುಟುಂಬದ ಜೊತೆ ನೆಂಟಸ್ತನ ಇತ್ತು. ಇನ್ನೂ ಚಿಕ್ಕ ಹುಡುಗಿಯಾಗಿದ್ದಾಗಲೇ ಇಂಗ್ಲೆಂಡಿನ ಶಾಲೆಗೆ ಕಳಿಸಿದರು. ಅಲ್ಲಿ ನಾಟಕ ಕಲಿತರು, ಸಂಗೀತ ಕಲಿತರು. ಜೊತೆಗೆ ಕಟ್ಟಡ ವಿನ್ಯಾಸ, ಬಟ್ಟೆ ವಿನ್ಯಾಸ ಕೂಡ. ಈ ಕೊನೆಯ ಎರಡನ್ನು ಸ್ವಲ್ಪ ಮನಸ್ಸಿನಲ್ಲಿಟ್ಟುಕೊಳ್ಳಿ. ಯಾಕೆಂದರೆ ಆಕೆ ಸಿನಿಮಾಕ್ಕೆ ಬಂದಿದ್ದು ನಟಿಯಾಗಿ ಅಲ್ಲವೇ ಅಲ್ಲ.

1928ರಲ್ಲಿ ಲಂಡನ್ನಿನಲ್ಲಿ ಚಿತ್ರ ನಿರ್ಮಾಪಕ ಹಿಮಾಂಶು ರಾಯ್ ಪರಿಚಯವಾಯಿತು. ಆಗಲೇ ಜರ್ಮನ್ನರ ಜೊತೆ ಸೇರಿ ‘ಲೈಟ್ ಆಫ್ ಏಷ್ಯಾ’ ಮಾಡಿ ಹೆಸರಾಗಿದ್ದವರು ರಾಯ್. ಅವರ ಮುಂದಿನ ಮೂಕಿಚಿತ್ರ ‘ಪ್ರಪಂಚ ಪಾಶ್’ನಲ್ಲಿ ದೇವಿಕಾ ತೆರೆಯ ಮೇಲೆ ಎಲ್ಲೂ ಕಾಣುವುದಿಲ್ಲ. ಆಕೆ ನೋಡಿಕೊಂಡಿದ್ದು ವೇಷಭೂಷಣ, ಸೆಟ್ಟಿನ ಅಲಂಕಾರ. 1929ರಲ್ಲಿ ಇಬ್ಬರೂ ಮದುವೆಯಾದರು. ಆಮೇಲೆ ಬರ್ಲಿನ್ನಿಗೆ ಹೋಗಿ, ಆಗಿನ ಯೂರೋಪಿನ ಅತಿ ದೊಡ್ಡ ಸ್ಟುಡಿಯೋಗಳಲ್ಲಿ ಒಂದಾದ ಉಫಾದಲ್ಲಿ ಚಿತ್ರ ತಯಾರಿಕೆಯ ಒಂದೊಂದೇ ವಿಭಾಗ ನೋಡಿ ಕಲಿತರು.

ಇಲ್ಲಿ ಸ್ವಲ್ಪ ನಿಲ್ಲೋಣ. ಇದಕ್ಕೆ ಹದಿನೈದು ವರ್ಷ ಹಿಂದೆ, 1913ರಲ್ಲಿ, ದಾದಾಸಾಹೇಬ್ ಫಾಲ್ಕೆ ‘ರಾಜಾ ಹರಿಶ್ಚಂದ್ರ’ ತೆಗೆದಾಗ ತಾರಾಮತಿ ಪಾತ್ರಕ್ಕೆ ಒಬ್ಬ ಹೆಂಗಸೂ ಸಿಗಲಿಲ್ಲ. ಹೋಟೆಲಿನಲ್ಲಿ ಕೆಲಸ ಮಾಡುತ್ತಿದ್ದ ಸಾಳುಂಕೆ ಅನ್ನುವ ಹುಡುಗನಿಗೆ ಸೀರೆ ಉಡಿಸಿದರು. ಅದೇ ವರ್ಷ ದುರ್ಗಾಬಾಯಿ ಕಾಮತ್, ಅವರ ಮಗಳು ಕಮಲಾಬಾಯಿ ಫಾಲ್ಕೆಯವರ ಇನ್ನೊಂದು ಚಿತ್ರದಲ್ಲಿ ಮಾಡಿದರು ನಿಜ. ಆದರೂ ಮರ್ಯಾದಸ್ಥ ಮನೆಯ ಹೆಣ್ಣು ಸಿನಿಮಾದಲ್ಲಿ ಮಾಡಬಾರದು ಅನ್ನುವ ಮಾತು ಬಹಳ ಕಾಲ ಗಟ್ಟಿಯಾಗಿಯೇ ಇತ್ತು. ಅಂಥ ಕಾಲದಲ್ಲಿ ಒಬ್ಬ ಭಾರತೀಯ ಹೆಂಗಸು ಬರ್ಲಿನ್ನಿನ ಸ್ಟುಡಿಯೋದಲ್ಲಿ ಕೆಲಸ ಕಲಿಯುತ್ತಿದ್ದರು.

ಇನ್ನು ‘ಕರ್ಮ’. 1933ರಲ್ಲಿ ಲಂಡನ್ನಿನಲ್ಲಿ ಬಿಡುಗಡೆಯಾದ ಇಂಗ್ಲಿಷ್ ಟಾಕಿ. ದೇವಿಕಾ ರಾಣಿಯ ಇಂಗ್ಲಿಷ್ ಉಚ್ಚಾರಣೆಯನ್ನು ಅಲ್ಲಿನ ಪತ್ರಿಕೆಗಳು ಬಾಯಿತುಂಬ ಹೊಗಳಿದವು. ಮುತ್ತಿನ ದೃಶ್ಯ ಹೇಗಿದೆ ಗೊತ್ತಾ? ರಾಜಕುಮಾರನಿಗೆ ಹಾವು ಕಚ್ಚಿದೆ, ಎಚ್ಚರವಿಲ್ಲ. ಈಕೆ ಅವನನ್ನು ಬದುಕಿಸಿಕೊಳ್ಳಬೇಕು ಅಂತ ಅಳುತ್ತಾ ಮುತ್ತಿಡುತ್ತಾಳೆ. ಅದೊಂದು ಸಂಕಟದ ದೃಶ್ಯ. ರಾಜಕುಮಾರನ ಪಾತ್ರ ಮಾಡಿದ್ದು ಆಕೆಯ ಗಂಡ ಹಿಮಾಂಶು ರಾಯ್ ಅವರೇ. ನಾಲ್ಕು ನಿಮಿಷದ ಮುತ್ತು ಅಂತ ಈಗಲೂ ಕ್ವಿಜ್‌ಗಳಲ್ಲಿ ಕೇಳುತ್ತಾರೆ. ಚಿತ್ರ ನೋಡಿದರೆ ಅಷ್ಟೇನೂ ಇಲ್ಲ, ಅದರ ಅರ್ಧದಷ್ಟೂ ಇಲ್ಲ. ಒಂದು ಇಡೀ ವೃತ್ತಿಜೀವನವನ್ನು ಆ ಚೂರು ದೃಶ್ಯಕ್ಕೆ ಕಟ್ಟಿಹಾಕಿದ್ದು ನನಗೆ ಬೇಜಾರಿನ ಸಂಗತಿ. ಇವತ್ತು ಇದರ ಬಗ್ಗೆ ಇಷ್ಟು ಸಾಕು.

1934ರಲ್ಲಿ ಬಾಂಬೆ ಟಾಕೀಸ್ ಶುರುವಾಯಿತು. ನಮ್ಮ ಮೊದಲ ಕನ್ನಡ ಟಾಕಿ ‘ಸತಿ ಸುಲೋಚನ’ ತೆರೆಗೆ ಬಂದಿದ್ದೂ ಅದೇ ವರ್ಷದ ಮಾರ್ಚ್ 3ರಂದು. ಆ ಕಾಲಕ್ಕೆ ಒಬ್ಬ ಸೇಠು ದುಡ್ಡು ಹಾಕಿ, ಅವನ ಮಾತೇ ಕಾನೂನು ಅನ್ನುವ ಹಾಗೆ ಸ್ಟುಡಿಯೋಗಳು ನಡೆಯುತ್ತಿದ್ದವು. ಬಾಂಬೆ ಟಾಕೀಸನ್ನು ಷೇರು ಇರುವ ಕಂಪನಿಯಾಗಿ ಕಟ್ಟಿದರು. ಮುಂಬೈಯ ದೊಡ್ಡ ವಕೀಲರು, ಉದ್ಯಮಿಗಳು ನಿರ್ದೇಶಕ ಮಂಡಳಿಯಲ್ಲಿ ಕೂತರು. ಊರಾಚೆಯ ಮಲಾಡಿನಲ್ಲಿ ಸೌಂಡ್‌ ಸ್ಟೇಜು, ಲ್ಯಾಬು ಎಲ್ಲ ಎದ್ದು ನಿಂತವು. ನಿರ್ದೇಶಕ ಫ್ರಾಂಜ್ ಓಸ್ಟೆನ್, ಛಾಯಾಗ್ರಾಹಕ ಜೋಸೆಫ್ ವಿರ್ಶಿಂಗ್ ಜರ್ಮನಿಯಿಂದ ಬಂದರು. ಓಸ್ಟೆನ್‌ಗೆ ಹಿಂದಿ ಬರುತ್ತಿರಲಿಲ್ಲ. ಆದರೂ ಒಂದಾದ ಮೇಲೊಂದು ಹಿಂದಿ ಚಿತ್ರ ನಿರ್ದೇಶಿಸಿದರು. ಸಂಗೀತ ಸರಸ್ವತಿ ದೇವಿಯವರದು. ಅವರ ನಿಜವಾದ ಹೆಸರು ಖುರ್ಷಿದ್. ಪಾರ್ಸಿ ಹೆಂಗಸು ಸಿನಿಮಾಕ್ಕೆ ಬರೋದೇ ಅಂತ ಅವರ ಸಮುದಾಯದಲ್ಲಿ ಗಲಾಟೆಯಾಗಿದ್ದಕ್ಕೆ ಹೆಸರು ಬದಲಾಯಿಸಿಕೊಂಡರು. ಈ ಸ್ಟುಡಿಯೋದ ಕ್ಯಾಂಟೀನಿನಲ್ಲಿ ಎಲ್ಲ ಜಾತಿಯವರೂ ಒಟ್ಟಿಗೆ ಕೂತು ಊಟ ಮಾಡುತ್ತಿದ್ದರು. 1930ರ ದಶಕದಲ್ಲಿ ಅದು ಸಣ್ಣ ಮಾತಲ್ಲ.

1936ರಲ್ಲಿ ಒಂದು ರಂಪ ನಡೆಯಿತು. ಅದನ್ನೂ ಮುಚ್ಚಿಡದೆ ಹೇಳಬೇಕು. ‘ಜೀವನ್ ನೈಯಾ’ ಚಿತ್ರೀಕರಣದ ಹೊತ್ತಿಗೆ ದೇವಿಕಾ ರಾಣಿ ನಾಯಕ ನಟ ನಜ್ಮುಲ್ ಹಸನ್ ಜೊತೆ ಕಲ್ಕತ್ತೆಗೆ ಹೊರಟುಹೋದರು. ಸ್ಟುಡಿಯೋದಲ್ಲೇ ಕೆಲಸ ಮಾಡುತ್ತಿದ್ದ ಶಶಧರ್ ಮುಖರ್ಜಿ ಹೋಗಿ ಮನವೊಲಿಸಿ ಆಕೆಯನ್ನು ವಾಪಸ್ ಕರೆತಂದರು. ನಜ್ಮುಲ್ ಹಸನ್ ಕೆಲಸ ಹೋಯಿತು. ಆ ಜಾಗಕ್ಕೆ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದ ಹುಡುಗನೊಬ್ಬನನ್ನು, ಅವನು ಬೇಡ ಬೇಡ ಅಂದರೂ, ಎಳೆದು ತಂದು ನಿಲ್ಲಿಸಿದರು. ಅವನೇ ಅಶೋಕ್ ಕುಮಾರ್. ಸಾಮಾನ್ಯವಾಗಿ ಈ ಕಥೆಯನ್ನು ಅಶೋಕ್ ಕುಮಾರ್ ಅವರ ಅದೃಷ್ಟದ ಕಥೆಯಾಗಿ ಹೇಳುತ್ತಾರೆ. ನನಗೆ ಕಾಣುವುದು ಬೇರೆ. ನಾಯಕನನ್ನು ಬದಲಾಯಿಸಿ, ಅವನಿದ್ದ ದೃಶ್ಯಗಳನ್ನು ಮತ್ತೆ ಚಿತ್ರೀಕರಿಸುವುದಕ್ಕೆ ಸ್ಟುಡಿಯೋ ತಯಾರಾಯಿತು. ನಾಯಕಿಯನ್ನು ಬಿಟ್ಟುಕೊಡುವುದಕ್ಕೆ ತಯಾರಾಗಲಿಲ್ಲ. ಆಕೆ ಹೋದರೆ ಕಂಪನಿಯೇ ನಿಲ್ಲುತ್ತದೆ ಅಂತ ಎಲ್ಲರಿಗೂ ಗೊತ್ತಿತ್ತು. ಆ ದಾಂಪತ್ಯದೊಳಗೆ ಏನಿತ್ತು, ಏನಿರಲಿಲ್ಲ ಅಂತ ಹೊರಗಿನವರು ತೀರ್ಪು ಕೊಡುವುದು ಬೇಡ.

ಅದೇ ವರ್ಷ ಬಂದಿದ್ದು ‘ಅಛೂತ್ ಕನ್ಯಾ’, ಅಂದರೆ ಅಸ್ಪೃಶ್ಯ ಹುಡುಗಿ. ಅಂಬೇಡ್ಕರರ ‘ಜಾತಿ ವಿನಾಶ’ ಅಚ್ಚಾದ ವರ್ಷ ಕೂಡ ಅದೇ. ಕಸ್ತೂರಿ ದಲಿತ ಹುಡುಗಿ, ರೈಲ್ವೆ ಗೇಟ್ ಕಾಯುವವನ ಮಗಳು. ಪ್ರತಾಪ್ ಬ್ರಾಹ್ಮಣ ಅಂಗಡಿಯವನ ಮಗ. ಅಂಗಡಿಯವನಿಗೆ ಹಾವು ಕಚ್ಚಿದಾಗ ಗೇಟ್ ಕಾಯುವವನು ಬಾಯಲ್ಲಿ ವಿಷ ಹೀರಿ ಉಳಿಸಿರುತ್ತಾನೆ. ಆ ಋಣದಿಂದ ಎರಡು ಮನೆಗಳ ನಡುವೆ ಸ್ನೇಹ. ಮಕ್ಕಳು ಜೊತೆಯಲ್ಲಿ ಬೆಳೆಯುತ್ತಾರೆ, ಪ್ರೀತಿ ಹುಟ್ಟುತ್ತದೆ. ಮದುವೆ ಮಾತ್ರ ಆಗುವ ಹಾಗಿಲ್ಲ. ಇಬ್ಬರಿಗೂ ಅವರವರ ಜಾತಿಯಲ್ಲೇ ಮದುವೆಯಾಗುತ್ತದೆ. ಕಡೆಗೆ ರೈಲ್ವೆ ಗೇಟಿನ ಹತ್ತಿರ ಪ್ರತಾಪನಿಗೂ ಕಸ್ತೂರಿಯ ಗಂಡನಿಗೂ ಹೊಡೆದಾಟ. ರೈಲು ಬರುತ್ತಿದೆ. ಅದನ್ನು ನಿಲ್ಲಿಸಲು ಕಸ್ತೂರಿ ಹಳಿಯ ಮೇಲೆ ಎದುರಿಗೆ ಓಡುತ್ತಾಳೆ.

ಈ ಚಿತ್ರದ ‘ಮೈ ಬನ್ ಕೀ ಚಿಡಿಯಾ’ ಹಾಡನ್ನು ಒಮ್ಮೆ ಗಮನವಿಟ್ಟು ನೋಡಿ. ಮರದ ಕೊಂಬೆಯ ಮೇಲೆ ಇಬ್ಬರೂ ಕೂತಿದ್ದಾರೆ. ದನಿ ಅವರದೇ. ಹಿನ್ನೆಲೆ ಗಾಯನ ಇನ್ನೂ ರೂಢಿಗೆ ಬಂದಿರಲಿಲ್ಲ. ವಾದ್ಯದವರು ಕ್ಯಾಮೆರಾಕ್ಕೆ ಕಾಣದ ಹಾಗೆ ಪಕ್ಕದಲ್ಲಿರಬೇಕು, ನಟರು ಅಲ್ಲೇ ಹಾಡಬೇಕು, ಹಾಡುತ್ತಾ ಅಭಿನಯಿಸಬೇಕು. ಇಬ್ಬರೂ ಪಳಗಿದ ಗಾಯಕರಲ್ಲ. ಅದಕ್ಕೇ ಸರಸ್ವತಿ ದೇವಿ ಮಕ್ಕಳೂ ಹಾಡಬಹುದಾದಂಥ ಸರಳ ಧಾಟಿ ಹಾಕಿದರು. ಅಶೋಕ್ ಕುಮಾರ್ ಸಂಕೋಚದಲ್ಲಿ ಮುದುಡಿ ಕೂತಿರುವುದು ಕಾಣುತ್ತದೆ. ದೇವಿಕಾ ಅವರ ಮುಖದಲ್ಲಿ ಮಾತ್ರ ಕ್ಯಾಮೆರಾ ಎಲ್ಲಿದೆ, ಬೆಳಕು ಎಲ್ಲಿಂದ ಬೀಳುತ್ತಿದೆ ಅನ್ನುವ ಅರಿವು ಪೂರ್ತಿ ಇದೆ. ಕತ್ತು ತಿರುಗಿಸುವುದು ಕೂಡ ಲೆಕ್ಕದ್ದು. ಬರ್ಲಿನ್ನಿನಲ್ಲಿ ಕಲಿತದ್ದು ಅಲ್ಲಿ ಕಣ್ಣಿಗೆ ಬೀಳುತ್ತದೆ.

ಹಾಗಂತ ಎಲ್ಲವನ್ನೂ ಹೊಗಳುವುದಿಲ್ಲ. ಗೇಟ್ ಕಾಯುವವನ ಮಗಳಿಗೆ ಅಷ್ಟು ತಿದ್ದಿದ ಹುಬ್ಬು, ಅಷ್ಟು ಮಟ್ಟಸವಾದ ಉಡುಪು ಹೇಗೆ ಬಂತು ಅನ್ನುವ ಪ್ರಶ್ನೆ ಸರಿಯಾದದ್ದೇ. ಅದಕ್ಕಿಂತ ದೊಡ್ಡ ತಕರಾರು ಕಥೆಯ ಬಗ್ಗೆ. ಜಾತಿಯ ಗೋಡೆ ಹಾಗೇ ನಿಂತಿರುತ್ತದೆ, ಸಾಯುವುದು ಮಾತ್ರ ದಲಿತ ಹುಡುಗಿ. ಸತ್ತ ಮೇಲೆ ಅವಳಿಗೊಂದು ಗುಡಿ. ಈ ಚಿತ್ರವನ್ನು ಕ್ರಾಂತಿಕಾರಿ ಅಂತ ಕರೆಯುವುದಕ್ಕೆ ನನಗೆ ಮನಸ್ಸು ಬರುವುದಿಲ್ಲ. ಆದರೆ ಜನಪ್ರಿಯ ತಾರೆಯೊಬ್ಬಳು ಆ ಪಾತ್ರವನ್ನು ಹೆಸರಿನಲ್ಲೇ ಇಟ್ಟುಕೊಂಡು ಬಂದಿದ್ದರಿಂದ ಟಿಕೆಟ್ ಕೊಂಡ ಸಾವಿರಾರು ಜನ ಆ ವಿಷಯ ಮಾತಾಡಲೇಬೇಕಾಯಿತು. ಅದೂ ನಿಜ ಅಲ್ವಾ?

ಮುಂದೆ ‘ಜನ್ಮಭೂಮಿ’, ‘ಇಜ್ಜತ್’, ‘ಸಾವಿತ್ರಿ’, ‘ನಿರ್ಮಲಾ’, ‘ದುರ್ಗಾ’ ಸಾಲಾಗಿ ಬಂದವು. 1939ರಲ್ಲಿ ಯುದ್ಧ ಶುರುವಾಯಿತು. ಜರ್ಮನ್ನರನ್ನೆಲ್ಲ ಬ್ರಿಟಿಷ್ ಸರ್ಕಾರ ಹಿಡಿದು ಶಿಬಿರಕ್ಕೆ ಹಾಕಿತು. ಸ್ಟುಡಿಯೋ ಒಂದೇ ಏಟಿಗೆ ನಿರ್ದೇಶಕನನ್ನೂ ಛಾಯಾಗ್ರಾಹಕನನ್ನೂ ಕಳೆದುಕೊಂಡಿತು. ಮರುವರ್ಷ, 1940ರ ಮೇ ತಿಂಗಳಲ್ಲಿ, ಹಿಮಾಂಶು ರಾಯ್ ತೀರಿಕೊಂಡರು. ಆಗ ದೇವಿಕಾ ರಾಣಿಗೆ 32 ವರ್ಷ.

ನನ್ನ ದೃಷ್ಟಿಯಲ್ಲಿ ಆಕೆಯ ಬದುಕಿನ ಮುಖ್ಯ ಭಾಗ ಇನ್ನು ಮುಂದಿನ ಐದು ವರ್ಷ. ಯುದ್ಧದ ಕಾಲ, ಕಚ್ಚಾ ಫಿಲ್ಮ್ ಸಿಗುವುದೇ ಕಷ್ಟ. ಕಂಪನಿಯೊಳಗೆ ಎರಡು ಬಣ. ಒಂದು ಕಡೆ ಶಶಧರ್ ಮುಖರ್ಜಿ, ಅಶೋಕ್ ಕುಮಾರ್. ಇನ್ನೊಂದು ಕಡೆ ನಿರ್ದೇಶಕ ಅಮಿಯ ಚಕ್ರವರ್ತಿ. ಆಡಳಿತದ ಹೊಣೆ ಹೊತ್ತ ದೇವಿಕಾ ಈ ಎರಡೂ ಬಣಗಳಿಂದ ಚಿತ್ರ ತೆಗೆಸಿದರು. ‘ಬಸಂತ್’ ಬಂತು. ಅದರಲ್ಲಿ ಬೇಬಿ ಮುಮ್ತಾಜ್ ಅನ್ನುವ ಪುಟ್ಟ ಹುಡುಗಿ ಮಾಡಿದ್ದಳು. ಅವಳೇ ಮುಂದೆ ಮಧುಬಾಲಾ. 1943ರಲ್ಲಿ ‘ಕಿಸ್ಮತ್’ ಬಂತು. ಕಲ್ಕತ್ತೆಯ ರಾಕ್ಸಿ ಚಿತ್ರಮಂದಿರದಲ್ಲಿ ಅದು ಮೂರು ವರ್ಷಕ್ಕೂ ಜಾಸ್ತಿ ಓಡಿತು. ಅಷ್ಟು ದೊಡ್ಡ ಗೆಲುವು ಬಂದ ವರ್ಷವೇ ಮುಖರ್ಜಿ, ಅಶೋಕ್ ಕುಮಾರ್ ಬಣ ಹೊರಗೆ ಹೋಗಿ ಫಿಲ್ಮಿಸ್ತಾನ್ ಕಟ್ಟಿತು. ಆಕೆ ನಟಿಸಿದ ಕೊನೆಯ ಚಿತ್ರ ‘ಹಮಾರಿ ಬಾತ್’ ಕೂಡ ಅದೇ ವರ್ಷದ್ದು. ಇಲ್ಲಿ ನಮ್ಮವರೊಬ್ಬರನ್ನು ನೆನೆಯಬೇಕು. ಎಂ. ವಿ. ರಾಜಮ್ಮನವರು ‘ರಾಧಾರಮಣ’ ನಿರ್ಮಿಸಿ ಕನ್ನಡದ ಮೊದಲ ನಿರ್ಮಾಪಕಿಯಾಗಿದ್ದೂ ಆ 1943ರಲ್ಲೇ.

ದಿಲೀಪ್ ಕುಮಾರ್ ತಮ್ಮ ಆತ್ಮಕಥೆಯಲ್ಲಿ ದೇವಿಕಾ ರಾಣಿಯವರ ಕಚೇರಿಗೆ ಹೋದದ್ದನ್ನು ಬರೆದಿದ್ದಾರೆ. ಆಗ ಅವರು ಯೂಸುಫ್ ಖಾನ್, ಹಣ್ಣಿನ ವ್ಯಾಪಾರಿಯ ಮಗ, ಕೆಲಸ ಹುಡುಕುತ್ತಿದ್ದ ಯುವಕ. ಉರ್ದು ಚೆನ್ನಾಗಿ ಬರುತ್ತಾ ಅಂತ ದೇವಿಕಾ ಕೇಳಿದರು. ಒಂದೆರಡು ಮಾತಿನ ನಂತರ 1250 ರೂಪಾಯಿ ಸಂಬಳದ ಕೆಲಸ ಕೊಟ್ಟರು. ಮನೆಯಲ್ಲಿ ಅದು ವರ್ಷದ ಸಂಬಳ ಇರಬೇಕು ಅಂದುಕೊಂಡರಂತೆ. ಕೇಳಿ ನೋಡಿದರೆ ತಿಂಗಳ ಸಂಬಳ! ದಿಲೀಪ್ ಕುಮಾರ್ ಅನ್ನುವ ಹೆಸರಿಟ್ಟಿದ್ದೂ ಆಕೆಯೇ. 1944ರಲ್ಲಿ ‘ಜ್ವಾರ್ ಭಾಟಾ’ದಿಂದ ಅವರು ತೆರೆಗೆ ಬಂದರು. ಮುಂದಿನ ಅರ್ಧ ಶತಮಾನ ಹಿಂದಿ ಚಿತ್ರರಂಗದಲ್ಲಿ ಏನಾಯಿತು ಅಂತ ನಿಮಗೆ ಗೊತ್ತೇ ಇದೆ. ಅಭಿನಯದ ಅನುಭವವೇ ಇಲ್ಲದ ಹುಡುಗನಲ್ಲಿ ಅಂಥ ನಟನನ್ನು ಕಂಡ ಕಣ್ಣು ದೊಡ್ಡದು.

1945ರಲ್ಲಿ ಷೇರು ಮಾರಿ ಹೊರಬಂದರು. ಅದೇ ವರ್ಷ ರಷ್ಯನ್ ಚಿತ್ರಕಾರ ಸ್ವೆತೋಸ್ಲಾವ್ ರೋರಿಕ್ ಅವರನ್ನು ಮದುವೆಯಾದರು. ಮೊದಲು ಕುಲು ಕಣಿವೆ, ಆಮೇಲೆ ನಮ್ಮ ಬೆಂಗಳೂರು. ತಾತಗುಣಿಯಲ್ಲಿ 468 ಎಕರೆ. ಸುಗಂಧ ತೈಲ ಕೊಡುವ ಲಿನಲೋ ಮರಗಳನ್ನು ಬೆಳೆಸಿದರು. ಮತ್ತೆ ನಟಿಸಲಿಲ್ಲ. ಸಿನಿಮಾ ಪೂರ್ತಿ ಬಿಟ್ಟರು ಅನ್ನುವುದು ಮಾತ್ರ ತಪ್ಪು. 1955ರಲ್ಲಿ ಸಂಗೀತ ನಾಟಕ ಅಕಾಡೆಮಿ ದೆಹಲಿಯಲ್ಲಿ ನಡೆಸಿದ ಚಲನಚಿತ್ರ ವಿಚಾರಸಂಕಿರಣದ ಹೊಣೆ ಹೊತ್ತಿದ್ದು ದೇವಿಕಾ ರಾಣಿ ರೋರಿಕ್. ಉದ್ಘಾಟಿಸಿದ್ದು ನೆಹರೂ.

1958ರಲ್ಲಿ ಪದ್ಮಶ್ರೀ ಬಂತು. 1969ನೇ ಸಾಲಿಗೆ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಹೊಸದಾಗಿ ಶುರುವಾದಾಗ ಮೊದಲು ಕೊಟ್ಟಿದ್ದು ಆಕೆಗೆ. ನಾಯಕಿಯ ಪಾತ್ರಕ್ಕೆ ಹೆಂಗಸು ಸಿಗದೆ ಪರದಾಡಿದ ಫಾಲ್ಕೆಯವರ ಹೆಸರಿನ ಪ್ರಶಸ್ತಿ ಅದು.

ರೋರಿಕ್ 1993ರ ಜನವರಿಯಲ್ಲಿ, ದೇವಿಕಾ ರಾಣಿ 1994ರ ಮಾರ್ಚ್ 9ರಂದು ತೀರಿಕೊಂಡರು, ಇಬ್ಬರೂ ಬೆಂಗಳೂರಿನಲ್ಲೇ. ಮಕ್ಕಳಿರಲಿಲ್ಲ. ಎಸ್ಟೇಟಿನ ಮೇಲೆ ವರ್ಷಗಟ್ಟಲೆ ಕೇಸು ನಡೆದು, 2011ರಲ್ಲಿ ಸುಪ್ರೀಂ ಕೋರ್ಟ್ ಕರ್ನಾಟಕ ಸರ್ಕಾರದ ಪರ ತೀರ್ಪು ಕೊಟ್ಟಿತು. ರೋರಿಕ್ ಅವರ ಚಿತ್ರಗಳನ್ನು ನಮ್ಮ ಚಿತ್ರಕಲಾ ಪರಿಷತ್ತಿನಲ್ಲಿ ಇವತ್ತೂ ಹೋಗಿ ನೋಡಬಹುದು. ಬಾಂಬೆ ಟಾಕೀಸಿನ ದಿನಗಳದ್ದು ಅಂತ ಈ ಊರಿನಲ್ಲಿ ಜನ ಹೋಗಿ ನೋಡುವಂಥ ಜಾಗ ಒಂದೂ ಇಲ್ಲ. ತಾತಗುಣಿಯಲ್ಲಿ ಮ್ಯೂಸಿಯಂ ಮಾಡುವ ಮಾತು ಆಗಾಗ ಬರುತ್ತದೆ. ಅದು ಆದರೆ, ಗಂಡನ ಕುಂಚಕ್ಕೆ ರೂಪದರ್ಶಿಯಾಗಿ ಕೂತ ದೇವಿಕಾ ರಾಣಿಯ ಚಿತ್ರಗಳ ಜೊತೆಗೆ ಮಲಾಡಿನ ಸ್ಟುಡಿಯೋದ ಫೋಟೋಗಳೂ ಇರಬೇಕು ಅಂತ ನನ್ನ ಆಸೆ. ವಿರ್ಶಿಂಗ್ ತೆಗೆದ ಆ ಕಾಲದ ಸ್ಥಿರಚಿತ್ರಗಳನ್ನು ಅವರ ಕುಟುಂಬದವರು ಜೋಪಾನವಾಗಿ ಇಟ್ಟುಕೊಂಡಿದ್ದಾರೆ. ಕೇಳಬೇಕು ಅಷ್ಟೆ. ಕೇಳುವ ಕೆಲಸ ಇಲ್ಲಿಂದ ಶುರುವಾಗಲಿ.