ಸರ್ವಿಸ್ ಮ್ಯಾನ್ಯುಯಲ್ ಹುಡುಕುವ ಮುಂಚೆ ಮೆಷಿನ್‌ನ ಬೆನ್ನು ನೋಡಿ

ಎಲ್ಲರಿಗೂ ನಮಸ್ಕಾರ.

ವಾಷಿಂಗ್ ಮೆಷಿನ್ ನಿಂತುಹೋದರೆ ನಾವೆಲ್ಲ ಮಾಡೋದು ಒಂದೇ. ಮೊಬೈಲ್‌ನಲ್ಲಿ ಕಂಪನಿ ಹೆಸರು ಹಾಕಿ 'ರಿಪೇರಿ' ಅಂತ ಹುಡುಕುತ್ತೇವೆ. ವಿಡಿಯೊಗಳ ರಾಶಿಯೇ ಬರುತ್ತದೆ. ನಮ್ಮ ಮೆಷಿನ್ ಮಾತ್ರ ಅದರಲ್ಲಿ ಇರುವುದಿಲ್ಲ, ಅಲ್ವಾ?

ಮೊದಲು ಮಾಡೆಲ್ ನಂಬರ್ ಬೇಕು. ಟಾಪ್ ಲೋಡ್ ಆದರೆ ಸ್ಟಿಕ್ಕರ್ ಸಾಮಾನ್ಯವಾಗಿ ಹಿಂಬದಿಯಲ್ಲಿರುತ್ತದೆ. ಫ್ರಂಟ್ ಲೋಡ್‌ನಲ್ಲಿ ಬಾಗಿಲು ತೆಗೆದು ಅಂಚಿನಲ್ಲೂ ನೋಡಿ. ಮೆಷಿನ್ ಗೋಡೆಗೆ ಒತ್ತಿಕೊಂಡಿದ್ದರೆ ಫೋನ್ ಹಿಡಿದ ಕೈಯನ್ನು ಹಿಂದೆ ಚಾಚಿ ಫೋಟೊ ತೆಗೆಯಿರಿ. ನಂಬರನ್ನು ಕೊನೆಯ ಅಕ್ಷರದ ತನಕ ಬರೆದುಕೊಳ್ಳಿ.

ಜೊತೆಗೆ ಬಂದ ಯೂಸರ್ ಮ್ಯಾನ್ಯುಯಲ್ ಕಳೆದುಹೋಗಿದ್ದರೆ ಚಿಂತೆ ಬೇಡ. ಕಂಪನಿಯ ಸೈಟ್‌ನಲ್ಲಿ ಮಾಡೆಲ್ ನಂಬರ್ ಹಾಕಿದರೆ ಹೆಚ್ಚಿನ ಸಲ ಪುಕ್ಕಟೆ ಸಿಗುತ್ತದೆ. ಅದರ ಕೊನೆಯ ಪುಟಗಳಲ್ಲಿ ಸಾಮಾನ್ಯವಾಗಿ ಎರರ್ ಕೋಡ್‌ಗಳು, ಅಂದರೆ ತೊಂದರೆ ಏನೆಂದು ಮೆಷಿನ್ ತೋರಿಸುವ ಅಕ್ಷರಗಳ ಅರ್ಥ, ಇರುತ್ತವೆ. ಎಲ್‌ಜಿ ಮೆಷಿನ್‌ನಲ್ಲಿ 'ಓಇ' (OE) ಬಂತು ಅಂದರೆ ನೀರು ಹೊರಗೆ ಹೋಗುತ್ತಿಲ್ಲ. ಫ್ರಂಟ್ ಲೋಡ್ ಆದರೆ ಕೆಳಗಿನ ಪುಟ್ಟ ಮುಚ್ಚಳ ತೆಗೆದು, ಸಣ್ಣ ಪೈಪಿನಿಂದ ನೀರು ಇಳಿಸಿ, ಫಿಲ್ಟರ್ ಬಿಚ್ಚಿ. ನಾಣ್ಯ, ಗುಂಡಿ, ಹೇರ್‌ಪಿನ್ ಏನಾದರೂ ಸಿಗಬಹುದು. ಮೆಕ್ಯಾನಿಕ್ ಬರುವುದೇ ಬೇಕಾಗಲಿಕ್ಕಿಲ್ಲ.

ಸರ್ವಿಸ್ ಮ್ಯಾನ್ಯುಯಲ್ ಕಥೆ ಬೇರೆ. ವೈರಿಂಗ್ ಚಿತ್ರ, ಟೆಸ್ಟ್ ಮೋಡ್, ಯಾವ ಭಾಗದಲ್ಲಿ ಮೀಟರ್ ಎಷ್ಟು ಓಮ್ (ವಿದ್ಯುತ್ ತಡೆಯ ಅಳತೆ) ತೋರಿಸಬೇಕು, ಯಾವ ಸ್ಕ್ರೂ ಮೊದಲು ಬಿಚ್ಚಬೇಕು, ಎಲ್ಲ ಅದರಲ್ಲಿರುತ್ತದೆ. ಕಂಪನಿಗಳು ಅದನ್ನು ಹೆಚ್ಚಾಗಿ ತಮ್ಮ ಟೆಕ್ನಿಷಿಯನ್‌ಗಳಿಗಷ್ಟೇ ಕೊಡುತ್ತವೆ. ಹುಡುಕುವಾಗ ಪೂರ್ತಿ ನಂಬರ್‌ಗೆ ಸಿಗದಿದ್ದರೆ ಕೊನೆಯ ಒಂದೆರಡು ಅಕ್ಷರ ಬಿಟ್ಟು ನೋಡಿ. ಒಂದೇ ಸರಣಿಯ ಮೆಷಿನ್‌ಗಳ ಒಳಗಿನ ಸಾಮಾನು ಎಷ್ಟೋ ಸಲ ಒಂದೇ ಇರುತ್ತದೆ. ಫೈಲ್ ತೋರಿಸುವ ಮುಂಚೆಯೇ ಕಾರ್ಡ್ ನಂಬರ್ ಕೇಳುವ ಸೈಟ್‌ಗಳಿಂದ ದೂರ ಇರಿ.

ಎಲ್ಲೂ ಸಿಗಲಿಲ್ಲವೇ? ಪ್ಲಗ್ ಕಿತ್ತು ಹಿಂದಿನ ಕವರ್ ಬಿಚ್ಚಿ. ಎಷ್ಟೋ ಮೆಷಿನ್‌ಗಳಲ್ಲಿ ವೈರಿಂಗ್ ಚಿತ್ರವನ್ನು ಅಲ್ಲೇ ಅಂಟಿಸಿರುತ್ತಾರೆ. ಬಿಡಿ ಭಾಗಗಳ ಮೇಲೂ ಬರಹ ಇರುತ್ತದೆ. ಸೆಮಿ ಆಟೊಮ್ಯಾಟಿಕ್‌ನ ಮೋಟರ್ ಗುಂಯ್ ಅನ್ನುತ್ತದೆ, ತಿರುಗುವುದಿಲ್ಲ ಅಂದರೆ ಕೆಪಾಸಿಟರ್ (ಮೋಟರ್ ತಿರುಗಲು ನೆರವಾಗುವ, ಚಾರ್ಜ್ ಹಿಡಿದಿಡುವ ಭಾಗ) ಮೇಲೆ ಅನುಮಾನ ಪಡಬಹುದು. ಎಷ್ಟು ಮೈಕ್ರೋಫ್ಯಾರಡ್, ಎಷ್ಟು ವೋಲ್ಟ್ ಅಂತ ಅದರ ಮೈಮೇಲೇ ಬರೆದಿರುತ್ತದೆ. ಆ ಫೋಟೊ ಹಿಡಿದು ಬೆಂಗಳೂರಿನ ಎಸ್.ಪಿ. ರೋಡಿಗೋ ನಿಮ್ಮೂರಿನ ಬಿಡಿಭಾಗದ ಅಂಗಡಿಗೋ ಹೋದರೆ ಸಾಕು. ಆದರೆ ಕೆಪಾಸಿಟರ್‌ನಲ್ಲಿ ಚಾರ್ಜ್ ಉಳಿದಿರಬಹುದು, ಬರಿಗೈಲಿ ಮುಟ್ಟಬೇಡಿ. ಬಿಚ್ಚುವ ಕೆಲಸ ಗೊತ್ತಿದ್ದವರು ಮಾಡಲಿ.

ಹಿಂದೆ ಎಷ್ಟೋ ವಾಲ್ವ್ ರೇಡಿಯೊಗಳ ಒಳಗೆ ಸರ್ಕ್ಯೂಟ್ ಚಿತ್ರ ಅಂಟಿಸಿಯೇ ಮಾರುತ್ತಿದ್ದರು. ಈಗ ದುಡ್ಡು ಕೊಟ್ಟವರಿಂದಲೇ ಅದನ್ನು ಮುಚ್ಚಿಡುತ್ತಾರೆ. ನನಗಂತೂ ಇದು ಸರಿ ಕಾಣುವುದಿಲ್ಲ. ಯುರೋಪಿಯನ್ ಒಕ್ಕೂಟದಲ್ಲಿ 2021ರ ಮಾರ್ಚ್‌ನಿಂದ ವಾಷಿಂಗ್ ಮೆಷಿನ್ ಕಂಪನಿಗಳು ವೃತ್ತಿಪರ ರಿಪೇರಿಯವರಿಗೆ ಈ ಮಾಹಿತಿ ಕೊಡಲೇಬೇಕು. ಮುಖ್ಯ ಬಿಡಿಭಾಗಗಳೂ ಕನಿಷ್ಠ 10 ವರ್ಷ ಸಿಗಬೇಕು. ನಮ್ಮಲ್ಲಿ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2022ರ ಡಿಸೆಂಬರ್‌ನಲ್ಲಿ 'ರೈಟ್ ಟು ರಿಪೇರ್' (ರಿಪೇರಿಯ ಹಕ್ಕು) ಪೋರ್ಟಲ್ ತೆರೆಯಿತು. ಅಲ್ಲೂ ಒಮ್ಮೆ ನೋಡಿ.

ಮೈಕ್ರೋವೇವ್ ಓವನ್ ಬಗ್ಗೆ ಯಾರಾದರೂ ಕೇಳೇ ಕೇಳುತ್ತೀರಿ. ಪ್ಲಗ್ ತೆಗೆದ ಮೇಲೂ ಅದರ ಕೆಪಾಸಿಟರ್‌ನಲ್ಲಿ ಜೀವ ತೆಗೆಯುವಷ್ಟು ವೋಲ್ಟೇಜ್ ಉಳಿದಿರಬಹುದು. ಮ್ಯಾನ್ಯುಯಲ್ ಕೈಲಿದ್ದರೂ ಅದರ ಕವರ್ ಬಿಚ್ಚಬೇಡಿ.