ಗಾಡಿಯ ಅಡಿಗೆ ಬಗ್ಗಿ ನೋಡಿದರೆ

ಕೇಳುಗರಿಗೆ ನಮಸ್ಕಾರ.

ನಮ್ಮ ಕರಾವಳಿಯ ಪ್ರತಿ ಮನೆಯಲ್ಲೂ ಒಂದು ಕತ್ತಿ ಇರುತ್ತದೆ. ತೆಂಗಿನಕಾಯಿ ಒಡೆಯಲು, ಸೊಪ್ಪು ಕಡಿಯಲು. ಅದನ್ನು ಮಾಡಿಸುವಾಗ ಹಿರಿಯರು ಕಮ್ಮಾರರಿಗೆ ಹೇಳುವ ಮಾತು ಒಂದೇ: "ಪ್ಲೇಟಿನದ್ದೇ ಆಗಬೇಕು." ಪ್ಲೇಟ್ ಅಂದರೆ ಹಳೆಯ ಜೀಪಿನದ್ದೋ ಲಾರಿಯದ್ದೋ ಸ್ಪ್ರಿಂಗ್ ಪ್ಲೇಟ್. ಗಾಡಿಯ ಅಡಿಯಲ್ಲಿ ಬಿಲ್ಲಿನ ಹಾಗೆ ಬಾಗಿ, ಒಂದರ ಮೇಲೊಂದು ಕೂತಿರುತ್ತವಲ್ಲ, ಅವು. ಒಳ್ಳೆಯ ಉಕ್ಕನ್ನು ಕೆಂಪಗೆ ಕಾಯಿಸಿ, ಎಣ್ಣೆಯಲ್ಲಿ ಅದ್ದಿ, ಮತ್ತೆ ಹದವಾಗಿ ಬಿಸಿ ಮಾಡಿದರೆ ಮಾತ್ರ ಭಾರ ಬಿದ್ದಾಗ ಬಾಗಿ ಮತ್ತೆ ಮೊದಲಿನ ಹಾಗಾಗುವ ಗುಣ ಬರುತ್ತದೆ. ಹದ ತಪ್ಪಿದರೆ ಗಾಜಿನ ಹಾಗೆ ತುಂಡಾಗುತ್ತದೆ.

ಇವತ್ತು ನನ್ನ ಮಾತು ಕಾರು ಉದ್ಯಮದ ಬಗ್ಗೆ. ಮೂವತ್ತು ವರ್ಷ ಆಟೊಮೊಬೈಲ್ ಪಾಠ ಹೇಳಿದ ಮೇಲೆ ನನಗೆ ಗಟ್ಟಿಯಾಗಿ ಅನಿಸಿರುವುದು ಇಷ್ಟು. ಒಂದು ದೇಶದಲ್ಲಿ ಕಾರು ಉದ್ಯಮ ಬೆಳೆದಿದೆಯಾ ಅಂತ ತಿಳಿಯಲು ಬಾನೆಟ್ಟಿನ ಮೇಲಿನ ಹೆಸರು ನೋಡಿದರೆ ಸಾಲದು. ಅಡಿಗೆ ಬಗ್ಗಿ ನೋಡಬೇಕು. ಸಣ್ಣ ಸ್ಕ್ರೂವನ್ನೂ ಸೇರಿಸಿ ಲೆಕ್ಕ ಹಾಕಿದರೆ ಒಂದು ಕಾರಿನಲ್ಲಿ ಸುಮಾರು 30 ಸಾವಿರ ಭಾಗಗಳಿರುತ್ತವೆ. ಅವನ್ನು ಯಾರು ಮಾಡುತ್ತಾರೆ, ಎಲ್ಲಿ ಮಾಡುತ್ತಾರೆ, ಅದೇ ಮುಖ್ಯ.

ನಾನು ಇದನ್ನು ಮೊದಲು ಕಲಿತದ್ದು ಕಲ್ಯಾಣಪುರದ ಹತ್ತಿರ ನನ್ನ ಸೋದರಮಾವನ ಗ್ಯಾರೇಜಿನಲ್ಲಿ. ಮಲ್ಪೆಯಿಂದ ಮೀನಿನ ಲಾರಿಗಳು ಬರುತ್ತಿದ್ದವು. ಮಂಜುಗಡ್ಡೆ ಕರಗಿದ ಉಪ್ಪುನೀರು ಸೋರಿ ಸೋರಿ ಪ್ಲೇಟುಗಳ ನಡುವೆ ತುಕ್ಕು ಹಿಡಿದಿರುತ್ತಿತ್ತು. ಮಾವ ಎಲ್ಲ ಬಿಚ್ಚಿ, ಬ್ರಷ್ಷಿನಿಂದ ತಿಕ್ಕಿ, ಒಂದೊಂದನ್ನೇ ನೇತುಹಿಡಿದು ಸುತ್ತಿಗೆಯಿಂದ ತಟ್ಟುತ್ತಿದ್ದರು. ಸರಿ ಇದ್ದದ್ದು ಗಂಟೆಯ ಹಾಗೆ ಠಣ್ ಅನ್ನುತ್ತಿತ್ತು. ಒಳಗೆ ಬಿರುಕು ಬಿಟ್ಟದ್ದು ಡಬ್ ಅಂತ ಸತ್ತ ಸದ್ದು ಮಾಡುತ್ತಿತ್ತು. "ಹೇಗೆ ಗೊತ್ತಾಗ್ತದೆ ಮಾವ?" ಅಂತ ಕೇಳಿದ್ದೆ. "ಕಣ್ಣಿಗೆ ಕಾಣುವುದಿಲ್ಲ ಮಾರಾಯ, ಕಿವಿ ಕೊಡಬೇಕು" ಅಂದಿದ್ದರು.

ಅಂಥ ಪ್ಲೇಟುಗಳು ನಮ್ಮ ಮಂಗಳೂರಿನಲ್ಲೇ ತಯಾರಾಗುತ್ತಿದ್ದವು. ಮೂಡುಬಿದಿರೆಯಲ್ಲಿ ಹುಟ್ಟಿದ ವಿ. ಎಸ್. ಕುಡ್ವರು ಇಲ್ಲಿ ಕೆನರಾ ವರ್ಕ್‌ಶಾಪ್ಸ್ ಕಟ್ಟಿ ಕೆನರಾ ಸ್ಪ್ರಿಂಗ್ಸ್ ಹೆಸರಿನಲ್ಲಿ ಸ್ಪ್ರಿಂಗ್ ಮಾಡಿಸಿದರು. ಇಲ್ಲಿ ಬಸ್ಸಿನ ಸಂಸ್ಕೃತಿ ಬಹಳ ಹಳೆಯದು ನೋಡಿ. ಸಿಪಿಸಿ ಅಂತ ಹೆಸರಾದ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪನಿ 1914ರಲ್ಲೇ ಬಸ್ಸು ಓಡಿಸಿತ್ತು. ಬಸ್ಸು ಬಂದ ಕಡೆ ರಿಪೇರಿ ಬರುತ್ತದೆ, ರಿಪೇರಿ ಬಂದ ಕಡೆ ಬಿಡಿಭಾಗ ಮಾಡುವ ಕೈಗಳು ಹುಟ್ಟುತ್ತವೆ.

ಹೆಚ್ಚುಕಡಿಮೆ ಅದೇ ಕಾಲಕ್ಕೆ, 1912ರಲ್ಲಿ, ಮಧುರೆಯಲ್ಲಿ ಟಿ. ವಿ. ಸುಂದರಂ ಅಯ್ಯಂಗಾರ್ ಅವರೂ ಬಸ್ಸು ಓಡಿಸಲು ಶುರುಮಾಡಿದ್ದರು. ಆ ಮನೆತನ ಮುಂದೆ ಬ್ರೇಕು, ಬೋಲ್ಟು, ರೇಡಿಯೇಟರ್ ಮುಚ್ಚಳ ಎಲ್ಲ ಮಾಡಿತು. ಅವರ ಸುಂದರಂ ಫಾಸ್ಟನರ್ಸ್ 1990ರ ದಶಕದಲ್ಲಿ ಅಮೆರಿಕದ ಜನರಲ್ ಮೋಟರ್ಸ್‌ಗೇ ಮುಚ್ಚಳ ಕಳಿಸಿತು. ಎರಡು ಊರುಗಳ ಆರಂಭ ಒಂದೇ ತರಹ ಇತ್ತು. ನಮ್ಮ ದಾರಿ ಎಲ್ಲಿ ಬೇರೆಯಾಯಿತು ಅಂತ ನಾನು ಬಹಳ ಸಲ ಯೋಚಿಸಿದ್ದೇನೆ. ನಮ್ಮವರು ಬ್ಯಾಂಕು ಕಟ್ಟಿದರು, ಕಾಲೇಜು ಕಟ್ಟಿದರು, ಮುಂಬೈಗೆ ಹೋಗಿ ಹೋಟೆಲು ಇಟ್ಟರು. ಅದು ದೊಡ್ಡ ಸಾಧನೆಯೇ. ಆದರೆ ಲೇತಿನ ಮುಂದೆ ನಿಲ್ಲುವ ಕೆಲಸಕ್ಕೆ ಅಷ್ಟು ದುಡ್ಡು, ಅಷ್ಟು ಗೌರವ ಸಿಗಲಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ದೇಶದ ಕಥೆಗೆ ಬರೋಣ. 1980ರ ಸುಮಾರಿಗೆ ಇಡೀ ಭಾರತದಲ್ಲಿ ವರ್ಷಕ್ಕೆ 50 ಸಾವಿರ ಕಾರೂ ತಯಾರಾಗುತ್ತಿರಲಿಲ್ಲ. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, ಇಷ್ಟೇ ಆಯ್ಕೆ. ಬುಕ್ ಮಾಡಿ ವರ್ಷಗಟ್ಟಲೆ ಕಾಯಬೇಕಿತ್ತು. ಸರ್ಕಾರದ ಲೈಸೆನ್ಸ್ ಇಲ್ಲದೆ ಹೆಚ್ಚು ಕಾರು ಮಾಡುವಂತಿಲ್ಲ, ಎದುರಾಳಿ ಇಲ್ಲದ್ದರಿಂದ ಸುಧಾರಿಸುವ ಅಗತ್ಯವೂ ಇಲ್ಲ.

1983ರ ಡಿಸೆಂಬರ್ 14ರಂದು ಮಾರುತಿ 800ರ ಮೊದಲ ಕೀಲಿಕೈಯನ್ನು ಇಂದಿರಾ ಗಾಂಧಿ ಕೊಟ್ಟರು. ಎಲ್ಲರಿಗೂ ಆ ಚಿತ್ರ ನೆನಪಿದೆ. ನನಗೆ ಮುಖ್ಯ ಅನಿಸುವುದು ಅದರ ನಂತರ ನಡೆದದ್ದು. ಶುರುವಿನಲ್ಲಿ ಹೆಚ್ಚಿನ ಭಾಗಗಳು ಜಪಾನಿನಿಂದ ಬರುತ್ತಿದ್ದವು. ವರ್ಷದಿಂದ ವರ್ಷಕ್ಕೆ ಅವನ್ನು ಇಲ್ಲೇ ಮಾಡಿಸಬೇಕು ಅಂತ ಸರ್ಕಾರದ ಷರತ್ತು ಇತ್ತು. 1985ರ ನಂತರ ಜಪಾನಿನ ಯೆನ್ ಏರಿದ್ದೇ ಏರಿದ್ದು, ಅಲ್ಲಿಂದ ತರುವುದು ದುಬಾರಿಯಾಯಿತು. ಇಲ್ಲಿ ಮಾಡಿಸೋಣ ಅಂದರೆ ಆ ಗುಣಮಟ್ಟದಲ್ಲಿ ಮಾಡುವವರು ಸಾಕಷ್ಟು ಇರಲಿಲ್ಲ. ಆಗ ಮಾರುತಿ ತಾನೇ ಬಂಡವಾಳ ಹಾಕಿ ಜೊತೆಗೆ ನಿಂತಿತು. ಗಾಜಿಗೆ ಅಸಾಹಿ ಇಂಡಿಯಾ, ಸೀಟಿಗೆ ಭಾರತ್ ಸೀಟ್ಸ್, ಬಂಪರಿಗೆ ಮಚಿನೊ ಪ್ಲಾಸ್ಟಿಕ್ಸ್, ಸ್ಟೀರಿಂಗಿಗೆ ಸೋನಾ ಸ್ಟೀರಿಂಗ್. ಜಪಾನಿನ ತಂತ್ರಜ್ಞಾನ ತಂದು ಇಲ್ಲಿನವರಿಗೆ ಕಲಿಸಿದರು. ನಮ್ಮ ಕಾರು ಉದ್ಯಮದ ನಿಜವಾದ ಅಡಿಪಾಯ ಅಲ್ಲಿ ಬಿತ್ತು. ಮುಂದೆ 1993ರಲ್ಲಿ ಕಾರಿಗೆ ಲೈಸೆನ್ಸ್ ಬೇಡ ಅಂತಾಯಿತು. ಹ್ಯುಂಡೈ ಚೆನ್ನೈ ಬದಿಗೆ ಬಂತು, ಟೊಯೋಟಾ ಬಿಡದಿಗೆ ಬಂತು. 2022ರಲ್ಲಿ ನಾವು ವಾಹನ ಮಾರಾಟದಲ್ಲಿ ಜಪಾನನ್ನೇ ಹಿಂದೆ ಹಾಕಿ ಪ್ರಪಂಚದಲ್ಲಿ ಮೂರನೆಯವರಾದೆವು.

ಹಾಗಾದರೆ ಕಾರು ಉದ್ಯಮ ನಮ್ಮ ಕರಾವಳಿಗೆ ಯಾಕೆ ಬರಲಿಲ್ಲ? ಬಂದರು ಉಂಟು, ಸುರತ್ಕಲ್ಲಿನಲ್ಲಿ ಎನ್ಐಟಿಕೆ ಎಂಜಿನಿಯರಿಂಗ್ ಕಾಲೇಜು ಉಂಟು, ಕದ್ರಿಯಲ್ಲಿ 1946ರಿಂದ ಕೆಪಿಟಿ, ಅಂದರೆ ಕರ್ನಾಟಕ ಪಾಲಿಟೆಕ್ನಿಕ್, ಉಂಟು. ಒಂದು ಕಾರಣ ನಮ್ಮ ಘಾಟಿ. ಈಗಿನ ಕಾರ್ಖಾನೆಗಳು ಬಿಡಿಭಾಗ ತುಂಬಿಸಿಟ್ಟುಕೊಳ್ಳುವುದಿಲ್ಲ. ಬೇಕಾದ ಹೊತ್ತಿಗೆ ಬೇಕಾದಷ್ಟೇ ಬರಬೇಕು. ಬೆಂಗಳೂರಿಗೆ ಹೋಗುವ ಶಿರಾಡಿ ಘಾಟಿಯಲ್ಲಿ ಗುಡ್ಡ ಜರಿದು ಲಾರಿ ನಿಂತರೆ ಅಲ್ಲಿ ಕಾರ್ಖಾನೆಯಲ್ಲಿ ಕಾರು ಜೋಡಿಸುವ ಇಡೀ ಸಾಲು ನಿಲ್ಲುತ್ತದೆ. ಅದಕ್ಕೇ ಬಿಡಿಭಾಗದವರು ಕಾರ್ಖಾನೆಯ ಪಕ್ಕದಲ್ಲೇ ಶೆಡ್ ಹಾಕುತ್ತಾರೆ. ನಮ್ಮ ಹುಡುಗರು ಬಸ್ಸು ಹತ್ತಿ ಅಲ್ಲಿಗೇ ಹೋಗುತ್ತಾರೆ. ಬಿಡದಿಯಲ್ಲಿರುವ ನನ್ನ ಒಬ್ಬ ಶಿಷ್ಯ ಫೋನಿನಲ್ಲಿ ಹೇಳಿದ: "ಸರ್, ಪಾರ್ಟಿನ ಪೆಟ್ಟಿಗೆ ಬಂದಾಗೆಲ್ಲ ಊರಿನ ಹೆಸರು ಉಂಟಾ ಅಂತ ಲೇಬಲ್ ನೋಡ್ತೇನೆ." ಆ ಮಾತು ನನ್ನ ಮನಸ್ಸಿನಿಂದ ಹೋಗಿಲ್ಲ.

ಈಗ ವಿದ್ಯುತ್ ಗಾಡಿಗಳ ಕಾಲ ಬಂದಿದೆ. ಅದರಲ್ಲಿ ಪಿಸ್ಟನ್ ಇಲ್ಲ, ಸೈಲೆನ್ಸರ್ ಇಲ್ಲ. ಬರೀ ಎಂಜಿನ್ ಭಾಗ ಮಾಡಿ ಬದುಕಿದವರಿಗೆ ಕಷ್ಟ ಇದೆ, ಸುಳ್ಳು ಹೇಳಬಾರದು. ಆದರೆ ಸ್ಪ್ರಿಂಗ್ ಬೇಕು, ಬ್ರೇಕ್ ಬೇಕು. ಬ್ಯಾಟರಿ ಕೂರಿಸುವ ಪೆಟ್ಟಿಗೆ ಹೊಸದಾಗಿ ಬೇಕು.

ಮಂಗಳೂರಿನ ಬೈಕಂಪಾಡಿಯ ಒಂದು ಸಣ್ಣ ಶೆಡ್ಡಿನಲ್ಲಿ ನನ್ನ ಇನ್ನೊಬ್ಬ ಶಿಷ್ಯ ಅದನ್ನೇ ಮಾಡುತ್ತಿದ್ದಾನೆ, ವಿದ್ಯುತ್ ರಿಕ್ಷಾದ ಬ್ಯಾಟರಿ ಪೆಟ್ಟಿಗೆ. ಮೊನ್ನೆ ಹೋದಾಗ ಮೂರು ತಗಡಿನ ತುಂಡು ತೋರಿಸಿದ. ಮೂರಕ್ಕೂ ಬೇರೆ ಬೇರೆ ಬಣ್ಣದ ಲೇಪ. ದೊಡ್ಡ ಕಂಪನಿಗಳು ಯಂತ್ರದಲ್ಲಿ ಉಪ್ಪುನೀರು ಸಿಂಪಡಿಸಿ ತುಕ್ಕಿನ ಪರೀಕ್ಷೆ ಮಾಡುತ್ತವೆ. ಇವನಿಗೆ ಆ ಯಂತ್ರ ಇಲ್ಲ. ಮೀನುಗಾರಿಕೆ ರಜೆ ಮುಗಿದು ಆಗಸ್ಟಿನಲ್ಲಿ ಬೋಟು ಕಡಲಿಗೆ ಇಳಿಯುವಾಗ ಅಂಥದ್ದೇ ಮೂರು ತುಂಡುಗಳನ್ನು ಮಲ್ಪೆಯ ಗೆಳೆಯನ ಬೋಟಿಗೆ ಕಟ್ಟಿ ಕಳಿಸುತ್ತಾನಂತೆ. ನಂಬರ್ ಹಾಕಿದ್ದಾನೆ, ದಿನಾಂಕ ಬರೆಯಲು ಒಂದು ಪುಸ್ತಕ ಇಟ್ಟಿದ್ದಾನೆ. "ಯಾವುದು ತಾಳ್ತದೆ ನೋಡುವ ಸರ್" ಅಂದ.

ನಮಸ್ಕಾರ.